ತೂಗುವ ಗುಂಡು, ತೂಗುವ ಕೋಣೆ: ಕಾಫಿ ಗೋದಾಮಿನಲ್ಲಿ ಚಲನಶೀಲ ಕಲಾಕೃತಿ ಕಟ್ಟುವ ಬಗೆ

ಚಲಿಸುವ ಕಲೆ ಕೊಡಗಿಗೆ ಹೊಸದಲ್ಲ. ವಿಜಯದಶಮಿಯ ರಾತ್ರಿ ಮಡಿಕೇರಿಯಲ್ಲಿ ದಶಮಂಟಪಗಳು, ಅಂದರೆ ಹತ್ತು ದೇವಾಲಯಗಳ ಚಲಿಸುವ ಬೊಂಬೆಗಳ ಮಂಟಪಗಳು, ಹೊರಟರೆ ದೇವರು ಆಯುಧ ಎತ್ತುತ್ತಾರೆ, ಅಸುರರು ಉರುಳುತ್ತಾರೆ, ಬೆಳಕು ಬಣ್ಣ ಬದಲಿಸುತ್ತದೆ. ಜನ ಚಳಿಯಲ್ಲಿ ಬೆಳಗಿನ ಜಾವದವರೆಗೂ ನಿಂತು ನೋಡುತ್ತಾರೆ. ಅವುಗಳನ್ನು ಕಟ್ಟುವ ಯುವಕರಿಗೆ ಮೋಟಾರು, ಗಾಲಿ, ವೆಲ್ಡಿಂಗ್ ಎಲ್ಲವೂ ಕೈವಶ. ಆದರೆ ಅಲ್ಲಿನ ಚಲನೆಯೆಲ್ಲ ಮಂಟಪದ ಮೇಲೆ ಮುಗಿಯುತ್ತದೆ. ನೋಡುವವರು ರಸ್ತೆಯ ಬದಿಯಲ್ಲಿ ನಿಂತಿರುತ್ತಾರೆ. ಈ ಲೇಖನದಲ್ಲಿ ಹೇಳಲು ಹೊರಟಿರುವ ಕೃತಿಗಳ ಚಲನೆ ತೀರ ಸರಳ. ಒಂದು ಗುಂಡು ಅತ್ತಿತ್ತ ತೂಗುತ್ತದೆ, ಒಂದು ಕೋಣೆ ಎರಡು ಇಂಚು ಸರಿಯುತ್ತದೆ. ಮಿಕ್ಕ ಸಂಗತಿಗಳೆಲ್ಲ ಬಂದವರ ಕಣ್ಣು, ಒಳಕಿವಿ, ಪಾದ, ಚರ್ಮಗಳಲ್ಲಿ ನಡೆಯುತ್ತವೆ.

ಈ ದಾರಿಯನ್ನು ತೋರಿಸಿದವರಲ್ಲಿ ಶಿಲ್ಪಿ ನೌಮ್ ಗಾಬೊ ಮೊದಲಿಗರು. 1920ರ ಸುಮಾರಿಗೆ ರಷ್ಯಾದಲ್ಲಿ ಅವರು ನೆಟ್ಟಗೆ ನಿಲ್ಲಿಸಿದ ಒಂದೇ ಒಂದು ಲೋಹದ ಕಡ್ಡಿಯನ್ನು ವಿದ್ಯುತ್ತಿನಿಂದ ಕಂಪಿಸುವಂತೆ ಮಾಡಿದರು. ಕಡ್ಡಿ ನಡುಗಿದಾಗ ಗಾಳಿಯಲ್ಲಿ ಉಬ್ಬುತಗ್ಗಿನ ಒಂದು ಗಾಜಿನ ಪಾತ್ರೆ ನಿಂತಂತೆ ಕಾಣುತ್ತದೆ. ಪಾತ್ರೆ ಅಲ್ಲಿ ಇಲ್ಲ. ಅದನ್ನು ಕಟ್ಟುವುದು ನಮ್ಮ ಕಣ್ಣು. ಒಂದು ಶತಮಾನ ಕಳೆದರೂ ಈ ಬಗೆಯ ಕಲೆಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಯಂತ್ರ ಹೆಚ್ಚು ಜಾಣತನ ತೋರಿಸಿದಷ್ಟೂ ನೋಡುವವರಿಗೆ ಮಾಡಲು ಕೆಲಸ ಉಳಿಯುವುದಿಲ್ಲ. ಆದ್ದರಿಂದ ಇಲ್ಲಿನ ಮೂರು ಕೃತಿಗಳಲ್ಲಿ ಮೋಟಾರು ಇಲ್ಲ, ಸೆನ್ಸರ್ ಇಲ್ಲ, ಮುಚ್ಚಿಟ್ಟ ಯಾವ ತಂತ್ರವೂ ಇಲ್ಲ. ಕರೆಂಟು ಹೋದರೂ ನಡೆಯುತ್ತವೆ. ನಮ್ಮ ಜಿಲ್ಲೆಯಲ್ಲಿ ಅದು ಸಣ್ಣ ಅನುಕೂಲವಲ್ಲ.

ಕಟ್ಟುವ ಮುನ್ನ ನಿಮ್ಮ ಮೈಯನ್ನೇ ಪರೀಕ್ಷಿಸಿ

ಮೊದಲ ಕೆಲಸಕ್ಕೆ ಹಗ್ಗವೂ ಬೇಡ, ಬಿದಿರೂ ಬೇಡ. ಅಬ್ಬಿ, ಇರ್ಪು, ಮಲ್ಲಳ್ಳಿ, ಯಾವ ಜಲಪಾತ ಹತ್ತಿರವೋ ಅಲ್ಲಿಗೆ ಹೋಗಿ. ನೀರು ಬೀಳುವ ಜಾಗದ ನಡುವೆ ಕದಲದ ಒಂದು ಗುರುತನ್ನು, ಅಂದರೆ ಹೊರಚಾಚಿದ ಬಂಡೆಯ ತುದಿಯನ್ನೋ ಕರಿಯ ಕಲೆಯನ್ನೋ ಹುಡುಕಿಕೊಳ್ಳಿ. ಕಣ್ಣನ್ನು ಅತ್ತಿತ್ತ ಹೊರಳಿಸದೆ ಸುಮಾರು ಒಂದು ನಿಮಿಷ ಅದನ್ನೇ ನೋಡಿ. ನೋಡುತ್ತಿದ್ದಂತೆ ನೋಟವನ್ನು ಪಕ್ಕದ ಒಣ ಬಂಡೆಗೆ ಹೊರಳಿಸಿ. ಬಂಡೆ ಮೇಲಕ್ಕೆ ಹರಿಯತೊಡಗುತ್ತದೆ. ಪಾಚಿ, ಬಿರುಕು, ಅಲ್ಲಿ ಬೇರುಬಿಟ್ಟ ಜರೀಗಿಡ ಎಲ್ಲವೂ ಏರುತ್ತಿರುತ್ತವೆ. ಆದರೆ ಒಂದೂ ತಾನಿದ್ದ ಜಾಗ ಬಿಟ್ಟಿರುವುದಿಲ್ಲ. ಸರಿಯುತ್ತಿದೆ ಮತ್ತು ಅಲ್ಲೇ ಇದೆ, ಈ ಎರಡೂ ಒಟ್ಟಿಗೆ ನಿಜವೆನಿಸುವ ಆ ಕೆಲವು ಕ್ಷಣಗಳನ್ನು ಚೆನ್ನಾಗಿ ಗಮನಿಸಿ.

1834ರಲ್ಲಿ ರಾಬರ್ಟ್ ಆಡಮ್ಸ್ ಎಂಬವರು ಸ್ಕಾಟ್ಲೆಂಡಿನ ಫಾಯರ್ಸ್ ಜಲಪಾತದ ಎದುರು ಇದನ್ನೇ ಕಂಡು ಬರೆದಿಟ್ಟರು. ಕೆಳಮುಖ ಚಲನೆಗೆ ಸ್ಪಂದಿಸುವ ನರಕೋಶಗಳು ಒಂದೇ ಸಮನೆ ದುಡಿದು ಮಂಕಾಗುತ್ತವೆ. ಮೇಲ್ಮುಖ ಚಲನೆಯ ಕೋಶಗಳು ದಣಿದಿರುವುದಿಲ್ಲ. ನೋಟ ನಿಶ್ಚಲ ಬಂಡೆಗೆ ಹೊರಳಿದಾಗ ಎರಡರ ನಡುವಿನ ತೂಕ ತಪ್ಪಿ, ಬಂಡೆ ಏರುತ್ತಿದೆ ಎಂಬ ಸುದ್ದಿ ಮಿದುಳಿಗೆ ಹೋಗುತ್ತದೆ.

ಇನ್ನೆರಡು ಅಭ್ಯಾಸಗಳು ಇನ್ನೂ ಸುಲಭ. ಮನೆಯಲ್ಲಿ ಒಂಟಿ ಕಾಲಿನ ಮೇಲೆ ನಿಂತು ಕಣ್ಣು ಮುಚ್ಚಿ. ಬೀಳದೆ ನಿಲ್ಲಲು ಕಣ್ಣು ಎಷ್ಟು ನೆರವಾಗುತ್ತಿತ್ತು ಎಂಬುದು ಪಾದದ ಗಿಣ್ಣಿಗೆ ತಕ್ಷಣ ತಿಳಿಯುತ್ತದೆ. ಕುಶಾಲನಗರದ ಕಡೆ ಹೋದಾಗ ಕಾವೇರಿ ನಿಸರ್ಗಧಾಮದ ತೂಗುಸೇತುವೆಯನ್ನು ದಾಟಿ, ಇಳಿದ ಕೂಡಲೇ ಗಟ್ಟಿ ನೆಲದ ಮೇಲೆ ಸುಮ್ಮನೆ ನಿಲ್ಲಿ. ಮೊದಲ ಕೆಲವು ಹೆಜ್ಜೆಗಳಲ್ಲಿ ಮಣ್ಣೇ ತೂಗಿದಂತಾಗುತ್ತದೆ. ಕೃತಿ ಕಟ್ಟುವವರೆಲ್ಲರೂ ಈ ಮೂರನ್ನೂ ಮಾಡಿ, ತಮಗೆ ಆದದ್ದನ್ನು ಪರಸ್ಪರ ಹೇಳಿಕೊಳ್ಳಬೇಕು. ಯಾವುದನ್ನು ಕಟ್ಟುತ್ತಿದ್ದೇವೆ ಎಂಬ ಬಗ್ಗೆ ತಂಡದಲ್ಲಿ ಒಮ್ಮತ ಮೂಡುವುದು ಮಾತಿನಿಂದಲ್ಲ, ಈ ಅನುಭವದಿಂದ.

ಜಾಗ ಮತ್ತು ಕಾಲ

ಹಳೆಯ ಕಾಫಿ ಗೋದಾಮು ಸಿಕ್ಕರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಎತ್ತರದ ಮಾಡು, ದಪ್ಪ ತೊಲೆ, ಸಿಮೆಂಟಿನ ನೆಲ, ದೊಡ್ಡ ಬಾಗಿಲು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಅದನ್ನು ಕೇಳಬೇಡಿ. ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ, ಗೋದಾಮಿನಲ್ಲಿ ಮೂಟೆ ಏರುತ್ತಿರುತ್ತದೆ, ಕೈ ಖಾಲಿ ಇರುವವರು ಯಾರೂ ಸಿಗುವುದಿಲ್ಲ. ಮೂಟೆಗಳು ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಹೋದ ಮೇಲೆ, ಏಪ್ರಿಲ್ ಮತ್ತು ಮೇ ತಿಂಗಳು ಸೂಕ್ತ. ಮಕ್ಕಳಿಗೆ ಬೇಸಿಗೆ ರಜೆಯೂ ಇರುತ್ತದೆ. ಗೋದಾಮು ಸಿಗದಿದ್ದರೆ ಶಾಲೆಯ ಸಭಾಂಗಣವೋ ಸಮುದಾಯ ಭವನವೋ ಆದೀತು. ಬಯಲಿನಲ್ಲಿ ಮಾತ್ರ ಬೇಡ. ನಮ್ಮ ಗಾಳಿ ಲೋಲಕವನ್ನು ತನಗೆ ಬೇಕಾದ ಹಾಗೆ ತೂಗುತ್ತದೆ, ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಹೇಳಿಕೇಳಿ ಬರುವುದಿಲ್ಲ.

ನೆಲದಿಂದ ತೊಲೆಗೆ ಕನಿಷ್ಠ 11 ಅಡಿ ಎತ್ತರ ಇರಬೇಕು. ತೊಲೆಯನ್ನು ಒಬ್ಬ ಬಡಗಿಗೆ ತೋರಿಸದೆ ಏನನ್ನೂ ನೇತುಹಾಕಬೇಡಿ. ಹೊರಗಿನಿಂದ ಗಟ್ಟಿಮುಟ್ಟಾಗಿ ಕಾಣುವ ಮರವನ್ನು ಗೆದ್ದಲು ಒಳಗೊಳಗೇ ತಿಂದಿರುತ್ತದೆ; ಸುತ್ತಿಗೆಯಿಂದ ತಟ್ಟಿದಾಗ ಬರುವ ಟೊಳ್ಳು ದನಿ ಅವರ ಕಿವಿಗೆ ಗೊತ್ತಾಗುತ್ತದೆ. ತೊಲೆಯ ಬಗ್ಗೆ ಸಂಶಯವಿದ್ದರೆ ಕಬ್ಬಿಣದ ಪೈಪುಗಳ ಚೌಕಟ್ಟು ನಿಲ್ಲಿಸಿ. ಪೆಂಡಾಲ್ ಹಾಕುವವರ ಬಳಿ ಅದು ಬಾಡಿಗೆಗೆ ಸಿಗುತ್ತದೆ.

ಮೊದಲ ಕೃತಿ: ತೂಗುವ ಗುಂಡು

ಲೋಲಕದ ಲೆಕ್ಕ ಸರಳ. ಮೀಟರಿನಲ್ಲಿ ಅಳೆದ ಉದ್ದದ ವರ್ಗಮೂಲವನ್ನು ಎರಡರಿಂದ ಗುಣಿಸಿದರೆ, ಒಮ್ಮೆ ಹೋಗಿ ಬರಲು ಬೇಕಾಗುವ ಸೆಕೆಂಡುಗಳು ಹೆಚ್ಚುಕಡಿಮೆ ಸಿಗುತ್ತವೆ. ಒಂದು ಮೀಟರಿಗೆ 2 ಸೆಕೆಂಡ್, 2.25 ಮೀಟರಿಗೆ 3, ನಾಲ್ಕು ಮೀಟರಿಗೆ 4. ಗುಂಡಿನ ತೂಕಕ್ಕೂ ಇದಕ್ಕೂ ಸಂಬಂಧವಿಲ್ಲ. ತೂಕ ಹೆಚ್ಚಿದ್ದರೆ ಹೆಚ್ಚು ಹೊತ್ತು ತೂಗುತ್ತದೆ, ಅಷ್ಟೇ. ನನ್ನ ಆಯ್ಕೆ 2.25 ಮೀಟರ್. ಮೂರು ಸೆಕೆಂಡಿನ ತೂಗಾಟ ನಿರಾಳವಾದ ಉಸಿರಾಟಕ್ಕಿಂತ ತುಸುವೇ ಚುರುಕು. ಸ್ವಲ್ಪ ಹೊತ್ತು ನೋಡುತ್ತಾ ನಿಂತವರ ಉಸಿರು ತಾನಾಗಿ ಅದರ ಜೊತೆ ಸೇರುವುದನ್ನು ನೀವೇ ಕಾಣಬಹುದು.

ಗುಂಡಿಗೆ ಮಕ್ಕಳು ಆಡುವ ದಪ್ಪ ರಬ್ಬರ್ ಚೆಂಡು ತೆಗೆದುಕೊಂಡು, ಸಣ್ಣದಾಗಿ ಕೊಯ್ದು, ಒಣ ಮರಳು ತುಂಬಿ. ಎರಡು ಮೂರು ಕಿಲೋ ಇದ್ದರೆ ಸಾಕು. ಕಲ್ಲು, ತಕ್ಕಡಿಯ ಕಬ್ಬಿಣದ ಬಟ್ಟುಗಳನ್ನು ಬಳಸಬೇಡಿ. ಇದು ಜನರ ಎದೆಯ ಮಟ್ಟದಲ್ಲಿ ತೂಗುವ ವಸ್ತು. ಬಾಯಿಯನ್ನು ಹೊಲಿದು, ಮೇಲೆ ಮೀನಿನ ಬಲೆಯಂತಹ ಗಟ್ಟಿ ಹೆಣಿಗೆಯ ಚೀಲ ಹಾಕಿ, ಕಡುಕಪ್ಪು ಬಣ್ಣ ಬಳಿಯಿರಿ. ಕೆಳತುದಿಗೆ ಒಂದು ಮೊಳೆ ನೆಟ್ಟಗೆ ನಿಲ್ಲುವಂತೆ ಕಟ್ಟಿ. ಈ ಮೊಳೆಯ ಕೆಲಸವನ್ನು ಮುಂದೆ ಹೇಳುತ್ತೇನೆ.

ಇನ್ನು ದಾರ. ಹತ್ತಿಯ ಹುರಿ, ನಾರಿನ ಹಗ್ಗ ಕೊಡಗಿನ ತೇವಕ್ಕೆ ಬಿಗಿದುಕೊಂಡು ಗಿಡ್ಡವಾಗುತ್ತವೆ, ನೈಲಾನ್ ಜಗ್ಗಿ ಉದ್ದವಾಗುತ್ತದೆ. ಹೆಣೆದ ಪಾಲಿಯೆಸ್ಟರ್ ದಾರ ಎರಡಕ್ಕೂ ಅಷ್ಟಾಗಿ ಬಗ್ಗುವುದಿಲ್ಲ. ಇದನ್ನು ಒಂದೇ ಎಳೆಯಾಗಿ ಕಟ್ಟಿದರೆ ಗುಂಡು ಎತ್ತೆತ್ತಲೋ ಸುತ್ತುತ್ತದೆ. ತೊಲೆಯಲ್ಲಿ ಸುಮಾರು ಎರಡು ಅಡಿ ಅಂತರದಲ್ಲಿ ಎರಡು ಕೊಕ್ಕೆ ಹಾಕಿ, ಎರಡು ಎಳೆಗಳು ಕೆಳಗೆ ಗುಂಡಿನಲ್ಲಿ ಕೂಡುವಂತೆ ಕಟ್ಟಬೇಕು. ಆಗ ಗುಂಡು ಒಂದೇ ಗೆರೆಯಲ್ಲಿ, ಎರಡು ಕೊಕ್ಕೆಗಳನ್ನು ಸೇರಿಸುವ ಗೆರೆಗೆ ಅಡ್ಡಲಾಗಿ ತೂಗುತ್ತದೆ. ನೋಡುವವರ ಕಣ್ಣೆದುರು ಅದು ಎಡಕ್ಕೆ ಬಲಕ್ಕೆ ಹೋಗಬೇಕಾದ್ದರಿಂದ ಒಂದು ಕೊಕ್ಕೆ ನೋಡುವವರಿಗೆ ಹತ್ತಿರ, ಇನ್ನೊಂದು ಅದರ ನೇರ ಹಿಂದೆ ಇರಬೇಕು. ತೊಲೆ ಬೇರೆ ದಿಕ್ಕಿನಲ್ಲಿದ್ದರೆ ಅದಕ್ಕೆ ಅಡ್ಡಲಾಗಿ ಒಂದು ಗಟ್ಟಿ ಹಲಗೆ ಕೂರಿಸಿ, ಅದರಲ್ಲಿ ಕೊಕ್ಕೆ ಹಾಕಿ. ಲೋಲಕದ ಉದ್ದವನ್ನು ತೊಲೆಯಿಂದ ಗುಂಡಿನ ನಡುಭಾಗಕ್ಕೆ ನೆಟ್ಟಗೆ ಅಳೆಯಬೇಕು, ಓರೆಯಾದ ದಾರದ ಗುಂಟ ಅಲ್ಲ. 11 ಅಡಿಯ ತೊಲೆಯಿಂದ 2.25 ಮೀಟರ್ ಇಳಿಸಿದರೆ ಗುಂಡು ನೆಲದಿಂದ ಸುಮಾರು 1.1 ಮೀಟರ್ ಎತ್ತರದಲ್ಲಿ ನಿಲ್ಲುತ್ತದೆ.

ಹಿಂದೆ ಒಂದು ಬಿಳಿಯ ಬೆಡ್‌ಶೀಟನ್ನು ಸುಕ್ಕಿಲ್ಲದೆ ಬಿಗಿದು, ಚೆನ್ನಾಗಿ ಬೆಳಕು ಬೀಳುವಂತೆ ನೋಡಿಕೊಳ್ಳಿ. ಗುಂಡು ತೂಗುವ ಗೆರೆಯಿಂದ ಒಂದು ಗೇಣು ಮುಂದಕ್ಕೆ ಒಂದು, ಒಂದು ಗೇಣು ಹಿಂದಕ್ಕೆ ಒಂದು ತೆಳ್ಳನೆಯ ಬಿದಿರು ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ. ನೋಡುವವರ ಜಾಗ ಎಂಟರಿಂದ ಹತ್ತು ಅಡಿ ದೂರ.

ಈಗ ಕೃತಿಯ ಜೀವಾಳ: ಒಂದು ಕಪ್ಪು ಗಾಜು. ಹಳೆಯ ತಂಪು ಕನ್ನಡಕದ ಒಂದು ಗಾಜನ್ನು ಬಿಚ್ಚಿ, ತೆಳು ಮರದ ಹಿಡಿ ಕೂರಿಸಿದರೆ ಆಯಿತು. ಬಳಸಿ ಬಿಟ್ಟ ಎಕ್ಸ್‌ರೇ ಫಿಲ್ಮಿನ ಕಪ್ಪು ಭಾಗವೂ ನಡೆಯುತ್ತದೆ. ಗುಂಡು ತೂಗುತ್ತಿರುವಾಗ ಎರಡೂ ಕಣ್ಣು ತೆರೆದಿಟ್ಟು, ಎಡಗಣ್ಣಿನ ಮುಂದೆ ಮಾತ್ರ ಗಾಜು ಹಿಡಿದು ನೋಡಿ. ಅತ್ತಿತ್ತ ಹೋಗುತ್ತಿದ್ದ ಗುಂಡು ಗಾಳಿಯಲ್ಲಿ ಮೊಟ್ಟೆಯಾಕಾರದ ಸುತ್ತು ಹಾಕತೊಡಗುತ್ತದೆ. ಎಡದಿಂದ ಬಲಕ್ಕೆ ಹೋಗುವಾಗ ಹಿಂದಿನ ಕಡ್ಡಿಯ ಆಚೆ ಸರಿದಂತೆ, ಬಲದಿಂದ ಎಡಕ್ಕೆ ಬರುವಾಗ ಮುಂದಿನ ಕಡ್ಡಿಯನ್ನೂ ದಾಟಿ ನಿಮ್ಮ ಕಡೆ ಬಂದಂತೆ ಕಾಣುತ್ತದೆ. ಮೇಲಿನಿಂದ ನೋಡುವವರ ಲೆಕ್ಕದಲ್ಲಿ ಹೇಳುವುದಾದರೆ ಗಡಿಯಾರದ ಮುಳ್ಳಿನ ದಿಕ್ಕಿನ ಸುತ್ತು. ಗಾಜನ್ನು ಬಲಗಣ್ಣಿಗೆ ಬದಲಿಸಿದರೆ ಸುತ್ತೂ ತಿರುಗುಮುರುಗಾಗುತ್ತದೆ. ಗಾಜು ತೆಗೆದರೆ ಮತ್ತೆ ಅದೇ ನೇರ ತೂಗಾಟ.

ಇದರ ಕಾರಣವನ್ನು ಜರ್ಮನಿಯ ಭೌತವಿಜ್ಞಾನಿ ಕಾರ್ಲ್ ಪುಲ್ಫ್ರಿಶ್ 1922ರಲ್ಲಿ ವಿವರಿಸಿದರು. ಬೆಳಕು ಕಡಿಮೆಯಾದ ಕಣ್ಣು ತನ್ನ ಸುದ್ದಿಯನ್ನು ತುಸು ತಡವಾಗಿ ಕಳಿಸುತ್ತದೆ. ಒಂದು ಕಣ್ಣು ಈಗಿನ ಗುಂಡನ್ನು ತೋರಿಸಿದರೆ ಇನ್ನೊಂದು ಕಣ್ಣು ಸೆಕೆಂಡಿನ ಅತ್ಯಲ್ಪ ಭಾಗ ಹಿಂದಿನ ಗುಂಡನ್ನು ತೋರಿಸುತ್ತದೆ. ಎರಡು ಕಣ್ಣುಗಳ ಚಿತ್ರಗಳ ನಡುವಿನ ವ್ಯತ್ಯಾಸದಿಂದಲೇ ಮಿದುಳು ದೂರವನ್ನು ಅಳೆಯುವುದರಿಂದ, ತಡವಾದ ಸುದ್ದಿ ಅದಕ್ಕೆ ದೂರವಾಗಿಯೋ ಹತ್ತಿರವಾಗಿಯೋ ಕಾಣುತ್ತದೆ. ಕಾಲವನ್ನು ಮಿದುಳು ಆಳವನ್ನಾಗಿ ಓದಿಬಿಡುತ್ತದೆ. ಈ ವಿಷಯದಲ್ಲಿ ನನ್ನನ್ನು ಬಹುವಾಗಿ ತಟ್ಟುವ ಸಂಗತಿಯೆಂದರೆ, ಪುಲ್ಫ್ರಿಶ್ ಅವರಿಗೆ ಒಂದು ಕಣ್ಣಿನ ದೃಷ್ಟಿ ಹೋಗಿತ್ತು. ತಮ್ಮ ಹೆಸರಿನಿಂದಲೇ ಕರೆಯುವ ಈ ನೋಟವನ್ನು ಅವರು ಕಾಣುವಂತಿರಲಿಲ್ಲ. ನಿಮ್ಮಲ್ಲಿಗೆ ಬರುವವರಲ್ಲೂ ಮೆಳ್ಳೆಗಣ್ಣು, ಒಂಟಿಗಣ್ಣಿನ ತೊಂದರೆ ಇರುವವರಿಗೆ ಇದು ಕಾಣದಿರಬಹುದು. ಅವರಿಗೆ ಗುಂಡನ್ನು ಬಿಡುವ ಕೆಲಸ ಕೊಡಿ. ಆ ಕೆಲಸ ನೋಡುವುದಕ್ಕಿಂತ ಯಾವ ರೀತಿಯಲ್ಲೂ ಕಡಿಮೆಯಲ್ಲ.

ಏಕೆಂದರೆ ಗುಂಡು ಬಿಡುವವರಿಗೆ ಬೇರೆಯೇ ಪರೀಕ್ಷೆ ಇದೆ. ಗೋಡೆಗೆ ಬೆನ್ನು ಆನಿಸಿ ನಿಂತು, ಗುಂಡನ್ನು ಎದೆಗೆ ತಾಗಿಸಿ ಹಿಡಿದು, ತಳ್ಳದೆ ಸುಮ್ಮನೆ ಕೈಬಿಡಬೇಕು. ಅದು ಹೋಗಿ ಮೂರು ಸೆಕೆಂಡಿನಲ್ಲಿ ಮರಳುತ್ತದೆ. ಬಿಟ್ಟ ಜಾಗಕ್ಕಿಂತ ಒಂದಿಷ್ಟೂ ಮುಂದೆ ಬರಲಾರದು ಎಂದು ಶಾಲೆಯಲ್ಲಿ ಓದಿದ್ದೇವೆ. ಆದರೂ ಎದೆ ಒಳಕ್ಕೆ ಸೆಳೆದುಕೊಳ್ಳುತ್ತದೆ, ಭುಜ ಮೇಲೇರುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ. ತಿಳಿವಳಿಕೆ ಒಂದು ಕಡೆ, ಮೈಯ ತೀರ್ಮಾನ ಇನ್ನೊಂದು ಕಡೆ. ಬಿಟ್ಟ ಮೇಲೆ ಮುಂದಕ್ಕೆ ವಾಲಬಾರದು ಎಂಬ ಒಂದೇ ನಿಯಮವನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳಿ.

ಈಗ ಮೊಳೆಯ ಮಾತು. ಕಂಡ ಸುತ್ತು ನಿಜವಲ್ಲ ಎಂಬುದಕ್ಕೆ ಸಾಕ್ಷಿ ಬೇಕು. ಗುಂಡಿನ ಕೆಳಗೆ ಒಂದು ಸ್ಟೂಲ್ ಇಟ್ಟು, ಅದರ ಮೇಲೆ ಅಗಲ ತಟ್ಟೆಯಲ್ಲಿ ಜರಡಿ ಹಿಡಿದ ನಯ ಮರಳು ಹರಡಿ. ಮೊಳೆಯ ತುದಿ ಮರಳಿನಲ್ಲಿ ಅರ್ಧ ಸೆಂಟಿಮೀಟರ್ ಮಾತ್ರ ಇಳಿಯುವಂತೆ ಎತ್ತರ ಹೊಂದಿಸಿ. ಗುಂಡು ಕಮಾನಿನಂತೆ ಮೇಲೇರುವುದರಿಂದ ಮೊಳೆ ಮರಳನ್ನು ಮುಟ್ಟುವುದು ನಡುವಿನ ಒಂದು ಅಡಿಯಷ್ಟು ಉದ್ದ ಮಾತ್ರ, ಅಷ್ಟು ಸಾಕು. ತಟ್ಟೆ ಯಾವಾಗಲೂ ಇದ್ದರೆ ತೂಗಾಟ ಬೇಗ ಸಾಯುತ್ತದೆ, ಆದ್ದರಿಂದ ಸುತ್ತು ಕಂಡ ಮೇಲೆ ತಂದಿಡಿ. ಕಣ್ಣಿಗೆ ಗುಂಡು ಸುತ್ತುತ್ತಲೇ ಇರುತ್ತದೆ, ಮರಳಿನಲ್ಲಿ ಮಾತ್ರ ಕೂದಲೆಳೆಯಷ್ಟೂ ಬಾಗದ ಒಂದೇ ಗೆರೆ ಬೀಳುತ್ತದೆ. ಜನ ಗಾಜು ಇಳಿಸಿ ಮರಳು ನೋಡುತ್ತಾರೆ, ಮತ್ತೆ ಗಾಜು ಎತ್ತಿ ಗುಂಡು ನೋಡುತ್ತಾರೆ. ಗೆರೆಯನ್ನು ಬೆರಳಿನಿಂದ ಮುಟ್ಟುವವರೂ ಇರುತ್ತಾರೆ. ತಡೆಯಬೇಡಿ, ಮರಳು ಸವರಿ ಮತ್ತೆ ಇಡಿ.

ಎರಡನೆಯ ಕೃತಿ: ತೂಗುವ ಕೋಣೆ

ಇದು ಶ್ರಮದ ಕೆಲಸ, ಆದರೆ ಬಂದವರು ಊರಿಗೆಲ್ಲ ಹೇಳುವುದು ಇದನ್ನೇ. 1974ರಲ್ಲಿ ಡೇವಿಡ್ ಲೀ ಮತ್ತು ಎರಿಕ್ ಆರನ್‌ಸನ್ ಎಂಬ ಮನೋವಿಜ್ಞಾನಿಗಳು ನೆಲ ಬಿಟ್ಟು ಗೋಡೆ ಮತ್ತು ಮಾಡು ಮಾತ್ರ ಸರಿಯುವ ಒಂದು ಕೋಣೆಯ ಪ್ರಯೋಗವನ್ನು ಪ್ರಕಟಿಸಿದರು. ಆಗಷ್ಟೇ ನಿಲ್ಲಲು ಕಲಿತ ಮಕ್ಕಳನ್ನು ಒಳಗೆ ನಿಲ್ಲಿಸಿ ಗೋಡೆಗಳನ್ನು ಸರಿಸಿದಾಗ ಮಕ್ಕಳು ಓಲಾಡಿದರು, ಹಲವರು ಬಿದ್ದರು. ನೆಲ ಕದಲಿರಲಿಲ್ಲ, ಯಾರೂ ಅವರನ್ನು ಮುಟ್ಟಿರಲಿಲ್ಲ. ನಾವು ನೆಟ್ಟಗೆ ನಿಲ್ಲುವುದು ಮೂರು ಕಡೆಯ ಸುದ್ದಿಯನ್ನು ಕೂಡಿಸಿ: ಒಳಕಿವಿಯ ಅರ್ಧವರ್ತುಲ ನಾಳಗಳು ಮತ್ತು ಅವುಗಳ ಬುಡದ ಚೀಲಗಳು ತಲೆಯ ತಿರುವು, ವಾಲುವಿಕೆಗಳನ್ನು ಹೇಳುತ್ತವೆ, ಪಾದ ಮತ್ತು ಕಾಲಿನ ಸ್ನಾಯುಗಳು ಭಾರ ಎಲ್ಲಿದೆ ಎಂದು ಹೇಳುತ್ತವೆ, ಕಣ್ಣು ಸುತ್ತಲಿನ ಗೋಡೆ ಸರಿದಿದೆಯೇ ಎಂದು ಹೇಳುತ್ತದೆ. ಗೋಡೆಗಳು ಸರಿಯುವ ಅನುಭವ ನಮ್ಮ ಬದುಕಿನಲ್ಲಿಲ್ಲ. ಹಾಗಾಗಿ ಗೋಡೆ ಹತ್ತಿರ ಬಂದರೆ ತಾನೇ ಮುಂದಕ್ಕೆ ವಾಲುತ್ತಿದ್ದೇನೆ ಎಂದುಕೊಂಡು ಮೈ ಹಿಂದಕ್ಕೆ ಸರಿಯುತ್ತದೆ.

ಕಟ್ಟುವ ಕ್ರಮ ಹೀಗೆ. ಎರಡು ಮೀಟರ್ ಉದ್ದದ ಗಟ್ಟಿ ಬಿದಿರಿನ ಗಳಗಳಿಂದ ಘನಾಕಾರದ ಚೌಕಟ್ಟು ಮಾಡಿ. ಬಲಿತ ಬಿದಿರನ್ನೇ ಆರಿಸಿ, ಎಳೆಯದು ಒಣಗಿದಂತೆ ಸುಕ್ಕಾಗಿ ಕಟ್ಟು ಸಡಿಲವಾಗುತ್ತದೆ. ಕಡಿದ ಗಳಗಳನ್ನು ಹರಿಯುವ ನೀರಿನಲ್ಲಿ ಕೆಲವು ವಾರ ನೆನೆಹಾಕಿ ನೆರಳಿನಲ್ಲಿ ಒಣಗಿಸಿದರೆ ಹುಳು ಬೀಳುವುದು ಕಡಿಮೆ. ಮೂಲೆಗಳನ್ನು ತೆಂಗಿನ ನಾರಿನ ಹುರಿಯಿಂದ, ಹುರಿಯನ್ನು ಒದ್ದೆ ಮಾಡಿಕೊಂಡು ಬಿಗಿಯಾಗಿ ಕಟ್ಟಿ. ಒಣಗಿದ ಮೇಲೂ ಒಮ್ಮೆ ಅಲುಗಾಡಿಸಿ ನೋಡಿ, ಸಡಿಲವಿದ್ದ ಕಡೆ ಮತ್ತೆ ಬಿಗಿಯಿರಿ. ಹಿಂದಿನ ಬದಿ ಮತ್ತು ನೆಲದ ಕಡೆ ಬಿಟ್ಟು ಪ್ರತಿ ಬದಿಗೂ ಓರೆಯಾಗಿ ಒಂದೊಂದು ಗಳ ಬೇಕು, ಇಲ್ಲದಿದ್ದರೆ ಇಡೀ ಚೌಕಟ್ಟು ತಿರುಚಿಕೊಳ್ಳುತ್ತದೆ. ನೆಲದ ಕಡೆ ಮತ್ತು ಹಿಂದಿನ ಬದಿ ತೆರೆದೇ ಇರಲಿ. ಹಿಂದಿನ ಬದಿಯ ಕೆಳಗಿನ ಅಡ್ಡಗಳವನ್ನು ಬಿಟ್ಟುಬಿಡಿ, ಕಾಲಿಗೆ ಸಿಕ್ಕಿ ಎಡವುತ್ತಾರೆ.

ಮೂರು ಗೋಡೆ ಮತ್ತು ಮಾಡಿಗೆ ಬಟ್ಟೆ ಹೊದಿಸಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ನೀಲಿ ಟಾರ್ಪಾಲಿನಂತಹ ಬೋಳು ಹೊದಿಕೆಯನ್ನು ಹಾಕಿದರೆ ಗೋಡೆ ಸರಿದದ್ದು ಕಣ್ಣಿಗೆ ಹತ್ತುವುದೇ ಇಲ್ಲ. ಕಣ್ಣಿಗೆ ಹಿಡಿದುಕೊಳ್ಳಲು ಗುರುತುಗಳು ಬೇಕು. ತೀರ ಸಣ್ಣವಾದರೆ ಕಲಸಿಹೋಗುತ್ತವೆ, ತೀರ ದೊಡ್ಡವಾದರೆ ಎಣಿಕೆಗೆ ಸಾಲುವುದಿಲ್ಲ. ಅಂಗೈ ಗಾತ್ರ ಹದವಾದದ್ದು. ಹಾಗಾದರೆ ಅಂಗೈಯನ್ನೇ ಏಕೆ ಬಳಸಬಾರದು? ಹಳೆಯ ಬಿಳಿ ಬೆಡ್‌ಶೀಟುಗಳನ್ನು ಕಣದಲ್ಲಿ ಹಾಸಿ, ತೋಟದ ಕಾರ್ಮಿಕರ ಲೈನ್‌ಮನೆಯ ಮಕ್ಕಳು, ತೋಟದ ಮನೆಯ ಮಕ್ಕಳು, ಶಾಲೆಯ ಮಕ್ಕಳು ಎಲ್ಲರನ್ನೂ ಕರೆದು ಕಪ್ಪು ಬಣ್ಣದಲ್ಲಿ ಅಂಗೈ ಅಚ್ಚು ಒತ್ತಿಸಿ. ಒಂದು ಅಚ್ಚಿನಿಂದ ಇನ್ನೊಂದಕ್ಕೆ ಒಂದು ಗೇಣು ದೂರವಿರಲಿ, ಸಾಲು ಹಿಡಿಯುವುದು ಬೇಡ. ನನ್ನ ಮಟ್ಟಿಗೆ ಇದು ಅಲಂಕಾರದ ಮಾತಲ್ಲ. ಕೋಣೆಯೊಳಗೆ ನಿಂತವರನ್ನು ಓಲಾಡಿಸುವುದು ಊರಿನ ಮಕ್ಕಳ ಕೈಗಳೇ ಆಗಿರುತ್ತವೆ.

ನೇತುಹಾಕಲು ನಾಲ್ಕು ಮೂಲೆಗಳಿಂದ ನಾಲ್ಕು ಹಗ್ಗ, ನಾಲ್ಕೂ ಒಂದೇ ಉದ್ದ, ಒಂದಕ್ಕೊಂದು ಸಮಾಂತರ. ಆಗ ಕೋಣೆ ವಾಲದೆ ಮಟ್ಟಸವಾಗಿಯೇ ಹಿಂದೆ ಮುಂದೆ ಸರಿಯುತ್ತದೆ. ಇದೂ ಒಂದು ಲೋಲಕವೇ. ತೊಲೆಯಿಂದ ಚೌಕಟ್ಟಿನ ಮೇಲ್ತುದಿಗೆ 1.3 ಮೀಟರ್ ಹಗ್ಗವಿದ್ದರೆ ಒಂದು ತೂಗಾಟಕ್ಕೆ ಎರಡೂಕಾಲು ಸೆಕೆಂಡಿನಷ್ಟು ಹಿಡಿಯುತ್ತದೆ. ಗೋಡೆಯ ಕೆಳ ಅಂಚು ನೆಲದಿಂದ ಎರಡು ಇಂಚು ಮೇಲಿರಲಿ. ಮುಂದಿನ ಗೋಡೆಯ ನಡುವಿಗೆ ಒಂದು ಹಗ್ಗ ಕಟ್ಟಿ, ಬಾವಿಯ ರಾಟೆಯ ಮೇಲೆ ಹಾಯಿಸಿ ಹೊರಗೆ ತನ್ನಿ. ಹೊರಗೆ ನಿಂತವರು ಎರಡು ಬೆರಳಿನಿಂದ ಎಳೆದು ಬಿಟ್ಟರೆ ಕೋಣೆ ಕದಲಬೇಕು. ಕೊನೆಯದಾಗಿ, ನಾಲ್ಕು ಕೆಳಮೂಲೆಗಳಿಂದ ನೆಲದ ಕೊಂಡಿಗಳಿಗೆ ಸ್ವಲ್ಪ ಸಡಿಲವಾಗಿ ದಾರ ಕಟ್ಟಿ, ಯಾರು ಎಷ್ಟೇ ಜೋರಾಗಿ ಎಳೆದರೂ ಕೋಣೆ ಅತ್ತ ಎರಡು ಇಂಚು, ಇತ್ತ ಎರಡು ಇಂಚಿಗಿಂತ ಹೆಚ್ಚು ಸರಿಯದಂತೆ ಮಾಡಿ. ಈ ಮಿತಿಯನ್ನು ಮೀರುವ ಆಸೆ ಎಲ್ಲರಿಗೂ ಬರುತ್ತದೆ. ಅದಕ್ಕೆ ಅವಕಾಶ ಕೊಡಬೇಡಿ. ಚಲನೆ ದೊಡ್ಡದಾದರೆ ಗೋಡೆ ಸರಿಯುತ್ತಿದೆ ಎಂದು ಕಣ್ಣು ಪತ್ತೆಹಚ್ಚಿಬಿಡುತ್ತದೆ. ಚಿಕ್ಕದಾಗಿದ್ದರೆ ಸರಿಯುತ್ತಿರುವುದು ತಾನೇ ಎಂದು ಮೈ ನಂಬುತ್ತದೆ.

ಒಳಗೆ ಹೋಗುವವರು ಚಪ್ಪಲಿ ಬಿಡಬೇಕು, ಪಾದಗಳನ್ನು ಜೋಡಿಸಿ, ಕೈ ಕಟ್ಟಿ, ಮುಂದಿನ ಗೋಡೆಯನ್ನು ನೋಡುತ್ತಾ ನಿಲ್ಲಬೇಕು. ಹಿಂದೆ ದಪ್ಪ ಹಾಸಿಗೆ, ಅದರ ಪಕ್ಕದಲ್ಲಿ ಹಿಡಿಯಲು ಸಿದ್ಧರಾಗಿ ಒಬ್ಬರು. ಕೋಣೆ ಸರಿಯುತ್ತದೆ ಎಂದು ಮೊದಲೇ ಹೇಳಿ. ಗೊತ್ತಿದ್ದರೂ ಮೈ ಓಲಾಡುವುದು ತಪ್ಪುವುದಿಲ್ಲ. ಅದೇ ಇದರ ಬೆರಗು, ಮುಚ್ಚಿಡುವುದರಲ್ಲಿ ಏನೂ ಲಾಭವಿಲ್ಲ. ಹೊರಗಿನವರು ಅವರ ಮುಖ ನೋಡುವ ಬದಲು ಕಾಲ್ಬೆರಳುಗಳನ್ನು ನೋಡಲಿ. ಕೋಣೆ ಒಂದಿಂಚು ಮುಂದೆ ಬಂದ ಗಳಿಗೆಯಲ್ಲಿ ಹೆಬ್ಬೆರಳು ಮೇಲೇಳುತ್ತದೆ, ಭಾರ ಹಿಮ್ಮಡಿಗೆ ಹೋಗುತ್ತದೆ, ಪಾದದ ಮೇಲಿನ ನರಗಳು ಎದ್ದು ಕಾಣುತ್ತವೆ. ಕೋಣೆ ಹಿಂದೆ ಸರಿದಾಗ ಐದೂ ಬೆರಳು ನೆಲವನ್ನು ಕಚ್ಚಿ ಹಿಡಿಯುತ್ತವೆ. ಒಳಗಿರುವವರು ಮಾತ್ರ ತಾವು ಸುಮ್ಮನೆ ನಿಂತಿದ್ದೇವೆ ಎಂದೇ ಹೇಳುತ್ತಿರುತ್ತಾರೆ. ಆಮೇಲೆ ಹಗ್ಗ ಎಳೆದವರು ಒಳಗೆ ಹೋಗಲಿ, ಒಳಗಿದ್ದವರು ಹಗ್ಗ ಹಿಡಿಯಲಿ. ಈ ಅದಲುಬದಲು ಕಡ್ಡಾಯ. ಇನ್ನೊಬ್ಬರ ಮೈಯನ್ನು ಎರಡು ಬೆರಳಿನಿಂದ ಓಲಾಡಿಸಿದವರಿಗೆ, ತಮ್ಮ ಮೈಯೂ ಅಷ್ಟೇ ಸುಲಭವಾಗಿ ಓಲಾಡುತ್ತದೆ ಎಂಬುದು ತಿಳಿಯಬೇಕು.

ಮೂರನೆಯದು: ಎರಡರ ನಡುವಿನ ಹಾದಿ

ವೆನೆಜುವೆಲಾದ ಕಲಾವಿದ ಹೆಸುಸ್ ರಫಾಯೆಲ್ ಸೊಟೊ 1967ರಿಂದ ಜನ ಒಳಗೆ ನಡೆದುಹೋಗುವಂತಹ ಕೃತಿಗಳನ್ನು ಕಟ್ಟಿದರು: ಮೇಲಿನಿಂದ ಇಳಿಬಿಟ್ಟ ತೆಳುವಾದ ಎಳೆಗಳ ದಟ್ಟ ಕಾಡು. ನಮ್ಮಲ್ಲಿ ಹನಿ ನೀರಾವರಿಯ ತೆಳು ಪೈಪು ಎಷ್ಟೋ ತೋಟಗಳಲ್ಲಿ ಬಳಕೆ ಮುಗಿದು ಸುರುಳಿಯಾಗಿ ಬಿದ್ದಿರುತ್ತದೆ. ಒಂದು ಮೀಟರ್ ಅಗಲ, ಎರಡು ಮೀಟರ್ ಉದ್ದದ ಬಿದಿರಿನ ಜಾಲರಿಯನ್ನು ಮೇಲೆ ಕಟ್ಟಿ, 10 ಸೆಂಟಿಮೀಟರಿಗೆ ಒಂದರಂತೆ ಇಳಿಬಿಟ್ಟರೆ 200 ಎಳೆಗಳು, ಒಂದೊಂದು 2.25 ಮೀಟರ್ ಎಂದರೆ 450 ಮೀಟರ್ ಪೈಪು. ಸೋಪಿನ ನೀರಿನಲ್ಲಿ ತೊಳೆದು, ತುದಿಗಳ ಚೂಪನ್ನು ಬೆಂಕಿಗೆ ಹಿಡಿದು ಮೊಂಡು ಮಾಡಿ. ಈ ಹಾದಿಯನ್ನು ಗುಂಡಿಗೂ ಕೋಣೆಗೂ ನಡುವೆ, ಮಬ್ಬು ಬೆಳಕಿನಲ್ಲಿಡಿ. ಕಣ್ಣು ಮುಚ್ಚಿ ನಿಧಾನವಾಗಿ ನಡೆದವರಿಗೆ ತಮ್ಮ ಮೈಯ ಅಂಚು ಎಲ್ಲಿ ಮುಗಿಯುತ್ತದೆ ಎಂಬುದು ಮಸುಕಾಗುತ್ತದೆ. ಮುಂದೆ ಹೋದವರು ಕದಲಿಸಿದ ಎಳೆಗಳು ಹಿಂದೆ ಬರುವವರ ಕೆನ್ನೆಗೆ ತಾಗುತ್ತವೆ. ಇದಕ್ಕೆ ಹೆಚ್ಚಿನ ವಿವರಣೆ ಬೇಡ.

ಬಂದವರನ್ನು ನಡೆಸಿಕೊಳ್ಳುವುದು

ಮುಟ್ಟಬೇಡಿ ಎಂಬ ಫಲಕ ಎಲ್ಲಿಯೂ ಇರಬಾರದು. ಬ್ರೆಜಿಲಿನ ಕಲಾವಿದೆ ಲಿಜಿಯಾ ಕ್ಲಾರ್ಕ್ 1960ರಲ್ಲಿ ಕೀಲುಗಳಿಂದ ಜೋಡಿಸಿದ ಲೋಹದ ಹಲಗೆಗಳ ಕೃತಿಗಳನ್ನು ಮಾಡಿದ್ದೇ ಜನ ಅವುಗಳನ್ನು ಮಡಿಸಿ ಬಿಚ್ಚಲಿ ಎಂದು. ಪ್ರತಿ ಕೃತಿಗೂ ಎರಡು ಸಾಲಿನ ಫಲಕ ಸಾಕು. ಗುಂಡಿನ ಬಳಿ: "ಎರಡೂ ಕಣ್ಣು ತೆರೆದಿರಲಿ. ಒಂದು ಕಣ್ಣಿಗೆ ಗಾಜು ಹಿಡಿಯಿರಿ." ಕೋಣೆಯ ಬಳಿ: "ಈ ಕೋಣೆ ಸರಿಯುತ್ತದೆ, ನೆಲ ಸರಿಯುವುದಿಲ್ಲ. ನೀವು ಸುಮ್ಮನೆ ನಿಲ್ಲಿ." ಏನು ಕಾಣುತ್ತದೆ ಎಂದು ಮೊದಲೇ ಬರೆದರೆ ಜನ ಅದನ್ನೇ ಹುಡುಕುತ್ತಾರೆ, ಕಾಣದಿದ್ದರೆ ತಮ್ಮಲ್ಲೇ ಕೊರತೆ ಎಂದು ನೊಂದುಕೊಳ್ಳುತ್ತಾರೆ. ಕಾರಣ ತಿಳಿಯಬಯಸುವವರಿಗಾಗಿ ವಿವರವನ್ನು ಹೊರಬಾಗಿಲ ಬಳಿ ಇಡಿ. ನಮ್ಮೂರಿನಲ್ಲಿ ಕನ್ನಡ, ಕೊಡವ, ಅರೆಭಾಷೆ, ತುಳು, ಮಲಯಾಳ, ತಮಿಳು ಎಲ್ಲ ಆಡುವವರೂ ಬರುತ್ತಾರೆ. ಓದಲು ಬಾರದ ಹಿರಿಯರಿಗೆ ಅವರ ಮಾತಿನಲ್ಲೇ ಹೇಳಬಲ್ಲ ಇಬ್ಬರು ಮೂವರು ಜೊತೆಗಿರಲಿ.

ಸುರಕ್ಷತೆಯ ವಿಷಯದಲ್ಲಿ ರಾಜಿ ಬೇಡ. ತಲೆಸುತ್ತಿನ ತೊಂದರೆ ಇರುವವರು, ಗರ್ಭಿಣಿಯರು, ಊರುಗೋಲು ಹಿಡಿದು ನಡೆಯುವವರು ಕೋಣೆಯಲ್ಲಿ ನಿಲ್ಲುವುದು ಬೇಡ; ಕುರ್ಚಿಯಲ್ಲಿ ಕೂತು ನೋಡಲಿ, ಕೂತವರಿಗೂ ತಾವೇ ತೂಗಿದ ಅನುಭವ ಆಗಬಹುದು. ಒಮ್ಮೆಗೆ ಒಬ್ಬರು, ಒಂದು ನಿಮಿಷಕ್ಕಿಂತ ಹೆಚ್ಚು ಬೇಡ. ಹೊರಗೆ ಒಂದು ಬೆಂಚು, ಒಂದು ಕೊಡ ನೀರು ಇರಲಿ. ಯಾರಾದರೂ ಮಿಣುಕುವ ದೀಪ ಹಾಕೋಣ ಎಂದರೆ ಒಪ್ಪಬೇಡಿ, ವೇಗವಾಗಿ ಮಿಣುಕುವ ಬೆಳಕು ಕೆಲವರಲ್ಲಿ ಅಪಸ್ಮಾರವನ್ನು ಕೆರಳಿಸುತ್ತದೆ. ಪ್ರತಿದಿನ ಬಾಗಿಲು ತೆರೆಯುವ ಮುನ್ನ ಕೊಕ್ಕೆ, ಗಂಟು, ಹಗ್ಗಗಳನ್ನು ಏಣಿ ಹತ್ತಿ ಕೈಯಿಂದ ಮುಟ್ಟಿ ನೋಡಬೇಕು, ಕೆಳಗಿನಿಂದ ಕಣ್ಣು ಹಾಯಿಸಿದರೆ ಸಾಲದು.

ಮೊದಲ ದಿನ ಪೂರ್ತಿ ಯಾರಿಗೂ ಏನನ್ನೂ ವಿವರಿಸದೆ ಒಂದು ಮೂಲೆಯಲ್ಲಿ ಕೂತು ನೋಡಿ. ಗುಂಡಿನ ಬಳಿ ಜನ ಎಲ್ಲಿ ನಿಲ್ಲುತ್ತಾರೆ, ಗಾಜನ್ನು ಯಾವ ಕಣ್ಣಿಗೆ ಹಿಡಿಯುತ್ತಾರೆ, ಇನ್ನೊಂದು ಕಣ್ಣನ್ನು ಮುಚ್ಚಿಬಿಡುತ್ತಾರೆಯೇ ಎಂದು ಬರೆದುಕೊಳ್ಳಿ. ಹೆಚ್ಚಿನವರು ಮೊದಲು ಒಂದು ಕಣ್ಣು ಮುಚ್ಚಿಯೇ ನೋಡುತ್ತಾರೆ, ಆಗ ಸುತ್ತು ಕಾಣುವುದಿಲ್ಲ. ಹಾಗೆ ಆಗುತ್ತಿದ್ದರೆ ಗಾಜಿನ ಹಿಡಿಯನ್ನು ಬಿಟ್ಟು, ಹಳೆಯ ಕನ್ನಡಕದ ಚೌಕಟ್ಟಿನಲ್ಲಿ ಒಂದು ಬದಿಗೆ ಮಾತ್ರ ಕಪ್ಪು ಗಾಜು ಉಳಿಸಿ ಹಾಕಿಕೊಳ್ಳಲು ಕೊಡಿ. ಮಬ್ಬಿನ ದಿನ ಬೆಳಕು ಸಾಲದೆ ಸುತ್ತು ಮಂಕಾದರೆ ಬಾಗಿಲ ಕಡೆಯ ಪರದೆ ತೆಗೆಯಿರಿ.

ಮೇ ತಿಂಗಳು ಮುಗಿಯುವ ಮುನ್ನ ಎಲ್ಲವನ್ನೂ ಇಳಿಸಿಬಿಡಿ. ಮುಂಗಾರು ಹಿಡಿದ ಮೇಲೆ ನಾರಿನ ಕಟ್ಟುಗಳು ಬೂಷ್ಟು ಹಿಡಿಯುತ್ತವೆ, ಕೊಕ್ಕೆಗಳು ತುಕ್ಕು ತಿನ್ನುತ್ತವೆ. ಅಂಗೈ ಅಚ್ಚಿನ ಬಟ್ಟೆಗಳನ್ನು ಬಿಸಿಲಿಗೆ ಹಾಕಿ, ಮಡಿಸದೆ ಸುರುಳಿ ಸುತ್ತಿ, ಅಟ್ಟದ ಮೇಲೆ ಹೊಗೆ ಆಡುವ ಜಾಗದಲ್ಲಿಡಿ. ಬಿದಿರಿನ ಗಳಗಳನ್ನೂ ಅಲ್ಲೇ ಇಟ್ಟರೆ ಹುಳದ ಕಾಟ ಕಡಿಮೆ. ರಾಟೆಗೆ ಗ್ರೀಸ್ ಹಚ್ಚಿಡಿ. ಗುಂಡಿನ ಮರಳನ್ನು ಹೊರಗೆ ಸುರಿದು, ಚೆಂಡನ್ನು ಖಾಲಿಯಾಗಿಯೇ ಒಣಗಲು ಬಿಡಿ.